ಒಂದು ಡಾಲರಿನ ಬ್ಯಾಂಕು

— ಅವಮಾನವನ್ನು ದುಡ್ಡು ಕೊಟ್ಟು ಕೊಂಡು ತಂದು ಗಾಜಿನ ಬೀರುವಿನಲ್ಲಿಡುವುದು ನನ್ನ ತಲೆಗೆ ಹೋಗುತ್ತಿಲ್ಲ ಕಣಮ್ಮ. ನೀನು ಆಗ ಫೋನಿನಲ್ಲಿ ತೋರಿಸಿದೆಯಲ್ಲ, ಇದ್ದಿಲಿನಷ್ಟು ಕಪ್ಪು ಮುಖ, ಮುಖದ ತುಂಬ ಕೆಂಪು ತುಟಿ, ಹೊರಗೆ ಬಿದ್ದುಬಿಡುವಂಥ ಕಣ್ಣು. ಇಂಥದ್ದನ್ನೆಲ್ಲ ಯಾರಾದರೂ ಕೂಡಿಡುತ್ತಾರೆಯೇ? ಅದೂ ಕಪ್ಪು ಜನರೇ?

— ಕಪ್ಪು ಜನರೇ ಚಿಕ್ಕಪ್ಪ. ಎಡ್ವರ್ಡ್ ವಿಲಿಯಮ್ಸ್, ಆನಾ ವಿಲಿಯಮ್ಸ್ ಅಂತ ಗಂಡ ಹೆಂಡತಿ. ಸುಮಾರು 4000 ವಸ್ತುಗಳನ್ನು ಸೇರಿಸಿದರು. ಬಿಸ್ಕತ್ತಿನ ಡಬ್ಬಿ, ಉಪ್ಪಿನ ಕುಡಿಕೆ, ಜಾಹೀರಾತಿನ ತಗಡು, ಪೋಸ್ಟ್ ಕಾರ್ಡು ಇಂಥವೆಲ್ಲ ಅಮೆರಿಕದ ಮನೆಮನೆಯಲ್ಲಿ ಇದ್ದವು. ಕಪ್ಪು ಮನುಷ್ಯನನ್ನು ನಗೆಪಾಟಲು ಮಾಡಿ ಅಚ್ಚು ಹಾಕಿದ ಸಾಮಾನು. ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ಅವಕ್ಕೆ ಇವತ್ತಿಗೂ ಗಿರಾಕಿಗಳಿದ್ದಾರೆ. ಅವು ಮತ್ತೆ ಮತ್ತೆ ಕೈ ಬದಲಾಯಿಸದಿರಲಿ, ಪೇಟೆಯಿಂದಲೇ ಹೊರಗೆ ಹೋಗಲಿ ಅಂತ ಇವರು ಕೊಳ್ಳುತ್ತಾ ಹೋದರು.

— ಪೇಟೆಯಿಂದ ಹೊರಗೆ ಹಾಕುವುದೇ ಉದ್ದೇಶವಾಗಿದ್ದರೆ ಕೊಂಡದ್ದನ್ನು ಸುಟ್ಟುಬಿಡಬಹುದಿತ್ತಲ್ಲ.

— ಸುಟ್ಟರೆ ಮಾಡಿ ಮಾರಿದವರಿಗೇ ಅನುಕೂಲ. ಅಂಥದ್ದೇನೂ ಇರಲೇ ಇಲ್ಲ ಅಂದುಬಿಡಬಹುದು.

— ಹೂಂ. ಅದು ಸರಿ. ಆದರೆ ಇಟ್ಟುಕೊಂಡವರು ಏನು ಮಾಡಬೇಕು ಅವನ್ನು? ದಿನಾ ಧೂಳು ಒರೆಸುತ್ತಾ ನೋಡುತ್ತಾ ಕೂತಿರಬೇಕೆ?

— ಅಲ್ಲಿಂದ ಮುಂದೆ ಕಲಾವಿದರ ಕೆಲಸ. ಬೆಟಿ ಸಾರ್ ಅನ್ನುವವರು 1972ರಲ್ಲಿ ಒಂದು ಕೃತಿ ಮಾಡಿದರು. ‘ಆಂಟ್ ಜೆಮೈಮಾ’ ಅನ್ನುವ ದೋಸೆಹಿಟ್ಟಿನಂಥ ಪ್ಯಾಕೆಟ್ಟಿನ ಮೇಲೆ ನಗುನಗುತ್ತಾ ನಿಂತಿರುತ್ತಿದ್ದ ದಪ್ಪ ಅಡುಗೆಯವಳು ಗೊತ್ತಲ್ಲ, ಆ ಜಾತಿಯ ಒಂದು ಗೊಂಬೆ ಅವರ ಕೈಗೆ ಸಿಕ್ಕಿತ್ತು. ಒಂದು ಕೈಯಲ್ಲಿ ಪೊರಕೆ ಹಾಗೇ ಇರಲಿ ಅಂತ ಬಿಟ್ಟು, ಇನ್ನೊಂದು ಕೈಗೆ ಬಂದೂಕು ಕೊಟ್ಟರು. ಗೊಂಬೆಯ ನಗು ಅದೇ. ಆದರೆ ನೋಡುವವರಿಗೆ ಎದೆ ಢವ ಢವ ಅನ್ನುತ್ತದೆ. ಆ ಕಂಪನಿ ಹೆಸರು ಕೈಬಿಟ್ಟದ್ದು 2021ರಲ್ಲಿ. ಬೆಟಿ ಸಾರ್ ಬಂದೂಕು ಕೊಟ್ಟು ಹತ್ತಿರ ಹತ್ತಿರ ಐವತ್ತು ವರ್ಷ ಆದ ಮೇಲೆ.

— ಈಗ ಈ ವಿಲಿಯಮ್ಸ್ ದಂಪತಿಯ ಸಾಮಾನು ಎಲ್ಲಿದೆ ಅಂದೆ?

— ಶಿಕಾಗೋದ ದಕ್ಷಿಣ ಭಾಗದಲ್ಲಿ, ಸ್ಟೋನಿ ಐಲಂಡ್ ಅವೆನ್ಯೂ ಅನ್ನುವ ದೊಡ್ಡ ರಸ್ತೆಯ ಪಕ್ಕ. ಮುಚ್ಚಿಹೋಗಿದ್ದ ಒಂದು ಬ್ಯಾಂಕಿನ ಕಟ್ಟಡದಲ್ಲಿ. ನಿಮಗೆ ಹೇಳಬೇಕು ಅಂದುಕೊಂಡಿದ್ದು ಆ ಕಟ್ಟಡದ ಕಥೆಯನ್ನೇ. ಥಿಯಾಸ್ಟರ್ ಗೇಟ್ಸ್ ಅಂತ ಒಬ್ಬ ಕಲಾವಿದ. 1973ರಲ್ಲಿ ಶಿಕಾಗೋದಲ್ಲೇ ಹುಟ್ಟಿದವನು. ಎಂಟು ಜನ ಅಕ್ಕಂದಿರ ಮೇಲೆ ಒಬ್ಬನೇ ಗಂಡುಮಗ. ಅಪ್ಪ ಮನೆಗಳ ಛಾವಣಿಗೆ ಡಾಂಬರು ಹಾಕುವ ಕೆಲಸ ಮಾಡುತ್ತಿದ್ದರು. ಇವನು ಓದಿದ್ದು ನಗರ ಯೋಜನೆ, ಕಲಿತ ಕಸುಬು ಕುಂಬಾರಿಕೆ. ಅಪ್ಪನ ಡಾಂಬರು ಕಾಯಿಸುವ ಪಾತ್ರೆಯನ್ನು ಇಟ್ಟುಕೊಂಡು ಡಾಂಬರಿನಲ್ಲೇ ಚಿತ್ರ ಮಾಡಿದ್ದಾನೆ.

— ಕುಂಬಾರ, ಮೇಲೆ ಊರು ಕಟ್ಟುವ ಓದು. ಮುಂದೆ ಹೇಳು.

— 2006ರಲ್ಲಿ ಡಾರ್ಚೆಸ್ಟರ್ ಅವೆನ್ಯೂದಲ್ಲಿ ಒಂದು ಸಣ್ಣ ಮನೆ ಕೊಂಡ. ಆ ಕಡೆ ಮನೆಗಳು ಒಂದೊಂದಾಗಿ ಹಾಳುಬೀಳುತ್ತಿದ್ದ ಕಾಲ. ಆಮೇಲೆ ಅಕ್ಕಪಕ್ಕದ್ದನ್ನೂ ಕೊಂಡು ರಿಪೇರಿ ಮಾಡಿಸಿದ. ಮನೆ ಆಯಿತು, ಒಳಗೆ ಏನು ಇಡುವುದು? ಶಿಕಾಗೋ ವಿಶ್ವವಿದ್ಯಾಲಯದ ಕಲಾ ಇತಿಹಾಸ ವಿಭಾಗದಲ್ಲಿ 60,000 ಗಾಜಿನ ಸ್ಲೈಡುಗಳಿದ್ದವು, ಪಾಠ ಮಾಡುವಾಗ ಗೋಡೆ ಮೇಲೆ ಬಿಡುತ್ತಿದ್ದಂಥವು. ಕಂಪ್ಯೂಟರ್ ಬಂದ ಮೇಲೆ ಯಾರಿಗೂ ಬೇಡವಾದವು. ಅವನ್ನು ತಂದ. ಬಾಗಿಲು ಹಾಕುತ್ತಿದ್ದ ‘ಡಾಕ್ಟರ್ ವ್ಯಾಕ್ಸ್’ ಅನ್ನುವ ಗ್ರಾಮಫೋನ್ ತಟ್ಟೆಗಳ ಅಂಗಡಿಯಲ್ಲಿ ಉಳಿದಿದ್ದ ಸಾವಿರಾರು ತಟ್ಟೆಗಳನ್ನು ತಂದ. ಮುಚ್ಚಿಹೋದ ಪುಸ್ತಕದಂಗಡಿಯ ವಾಸ್ತುಶಿಲ್ಪದ ಪುಸ್ತಕಗಳನ್ನು ತಂದ.

— ಅಂದರೆ ರದ್ದಿ ತಂದ.

— ನೀವೇ ಹಾಗೆ ಅಂದರೆ ಹೇಗೆ ಚಿಕ್ಕಪ್ಪ!

— ಲೈಬ್ರರಿಯಲ್ಲಿ ಜೀವ ಸವೆಸಿದವನು ನಾನು, ನಾನು ಅನ್ನದೆ ಇನ್ಯಾರು ಅನ್ನಬೇಕು? ಪ್ರತಿ ವರ್ಷ ರದ್ದು ಮಾಡಬೇಕಾದ ಪುಸ್ತಕಗಳ ಪಟ್ಟಿ ಮಾಡುತ್ತಿದ್ದವನೂ ನಾನೇ. ಕಟ್ಟಡದಲ್ಲಿ ಜಾಗ ಇಲ್ಲ ಅಂತ ಹೊರಗೆ ಹೋದ ಪುಸ್ತಕಗಳಲ್ಲಿ ಎಷ್ಟೋ ಬೇರೆಲ್ಲೂ ಇರಲಿಲ್ಲ. ರದ್ದಿ ಅನ್ನುವುದು ಬೈಗುಳ ಅಲ್ಲ, ಅದೊಂದು ಆಡಳಿತದ ತೀರ್ಮಾನ. ಯಾರೋ ಕೂತು ಸಹಿ ಹಾಕುತ್ತಾರೆ. ಸರಿ, ಬ್ಯಾಂಕು ಯಾವಾಗ ಬಂತು?

— ಆ ಬ್ಯಾಂಕು ಕಟ್ಟಿದ್ದು 1923ರಲ್ಲಿ. ದೊಡ್ಡ ದೊಡ್ಡ ಕಂಬಗಳ ಕಟ್ಟಡ. 1980ರ ದಶಕದಿಂದ ಖಾಲಿ. ಮಳೆ ನೀರು ಸೋರಿ ನೆಲಮಾಳಿಗೆಯವರೆಗೂ ಹೋಗಿತ್ತು. ನಗರಾಡಳಿತ ಕೆಡವಲು ಹೊರಟಿತ್ತು. ಗೇಟ್ಸ್ ಹೋಗಿ ಕೇಳಿದ. ಒಂದು ಡಾಲರಿಗೆ ಕೊಟ್ಟರು, ದುರಸ್ತಿಗೆ ಬೇಕಾದ ಹಣ ನೀನೇ ಹೊಂದಿಸಬೇಕು ಅನ್ನುವ ಷರತ್ತಿನ ಮೇಲೆ. ಸುಮಾರು 37 ಲಕ್ಷ ಡಾಲರ್.

— ಒಂದು ಡಾಲರಿಗೆ ಸಿಕ್ಕಿದ್ದು ಅಂದರೆ ಎಲ್ಲಕ್ಕಿಂತ ದುಬಾರಿಯದು ಅಂತ ಆಯಿತು.

— ಈಗ ಕೇಳಿ ತಮಾಷೆ. ಆ ಬ್ಯಾಂಕಿನ ಶೌಚಾಲಯದಲ್ಲಿ ಅಮೃತಶಿಲೆಯ ಹಲಗೆಗಳಿದ್ದವು. ಅವನ್ನು ಬಿಚ್ಚಿಸಿ, ಸಣ್ಣ ಸಣ್ಣ ಬಿಲ್ಲೆಗಳಾಗಿ ಕತ್ತರಿಸಿ, ಹಳೆಯ ಕಾಲದ ಬಾಂಡ್ ಪತ್ರದ ಹಾಗೆ ಅಕ್ಷರ ಕೆತ್ತಿಸಿ ಸಹಿ ಹಾಕಿದ. 2013ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಕಲಾ ಮೇಳದಲ್ಲಿ ಒಂದೊಂದನ್ನು 5000 ಡಾಲರಿಗೆ ಮಾರಿದ. ಅಮೆರಿಕದ ನೋಟಿನ ಮೇಲೆ ದೇವರನ್ನು ನಂಬಿದ್ದೇವೆ ಅಂತ ಇರುತ್ತದಲ್ಲ, ಅಲ್ಲಿ ದೇವರನ್ನು ತೆಗೆದು ಕಲೆಯನ್ನು ಹಾಕಿದ್ದ. ದುರಸ್ತಿಗೆ ಆ ದುಡ್ಡೂ ಸೇರಿತು.

— ಸಾಹುಕಾರರಿಗೆ ಶೌಚಾಲಯದ ಕಲ್ಲು ಮಾರಿದ! ಭಲೇ. ಕಪ್ಪು ಜನಕ್ಕೆ ಸಾಲ ಕೊಡದ ಬ್ಯಾಂಕುಗಳ ದೇಶದಲ್ಲಿ ಬ್ಯಾಂಕಿನ ಕಲ್ಲನ್ನೇ ಅಡವಿಟ್ಟ ಹಾಗಾಯಿತು. ಇದು ನನಗೆ ಹಿಡಿಸಿತು. ಆದರೂ ಒಂದು ಮಾತು. ಕಲೆಯ ಪೇಟೆಯಲ್ಲಿ ಹೆಸರು ಮಾಡಿದವನು, ದೊಡ್ಡವರ ಒಡನಾಟ ಇರುವವನು. ಇವನು ಹೀಗೆ ಚಂದ ಮಾಡಿದ ಬೀದಿಯಲ್ಲಿ ನಾಳೆ ಬಾಡಿಗೆ ಏರಿದರೆ, ಅಲ್ಲಿದ್ದ ಬಡವರು ಎಲ್ಲಿಗೆ ಹೋಗಬೇಕು?

— ಆ ಟೀಕೆ ಅವನ ಮೇಲೆ ಇದ್ದೇ ಇದೆ. ನಾನು ಅಲ್ಲಗಳೆಯುವುದಿಲ್ಲ. ಆದರೆ ಸೌತ್ ಸೈಡ್‌ನಲ್ಲಿ ಆಗ ಇದ್ದ ಆಯ್ಕೆ ಬಡವರ ಮನೆಯೋ ಸಾಹುಕಾರರ ಮನೆಯೋ ಅಂತ ಅಲ್ಲ. ನಿಂತ ಕಟ್ಟಡವೋ ಕೆಡವಿದ ಖಾಲಿ ನಿವೇಶನವೋ ಅಂತ. 2015ರ ಅಕ್ಟೋಬರಿನಲ್ಲಿ ಬಾಗಿಲು ತೆರೆದ ಮೇಲೂ ಛಾವಣಿಯ ಬಣ್ಣ ಹಲವೆಡೆ ಸಿಪ್ಪೆ ಸುಲಿದ ಹಾಗೇ ಇದೆ. ನೆಲಮಾಳಿಗೆಯ ತಿಜೋರಿ ಕೋಣೆ ತುಕ್ಕು ಹಿಡಿದದ್ದನ್ನು ಹಾಗೇ ಬಿಟ್ಟಿದ್ದಾನೆ. ಊರಿನ ಆ ಭಾಗವನ್ನು ಎಷ್ಟು ವರ್ಷ ಕೈಬಿಟ್ಟಿದ್ದರು ಅನ್ನುವುದಕ್ಕೆ ಆ ತುಕ್ಕೇ ಸಾಕ್ಷಿ.

— ಒಳಗೆ?

— ಒಳಗೆ ಹೋದರೆ ನಿಮ್ಮಂಥವರು ಮಾತಾಡುವುದಿಲ್ಲ. ನೆಲದಿಂದ ಛಾವಣಿಯವರೆಗೆ ಪುಸ್ತಕ. ಜಾನ್ಸನ್ ಪಬ್ಲಿಷಿಂಗ್ ಕಂಪನಿಯ ಗ್ರಂಥಾಲಯ ಅದು. ಜಾನ್ ಜಾನ್ಸನ್ ಅನ್ನುವವರು 1942ರಲ್ಲಿ ಶುರು ಮಾಡಿದ ಕಂಪನಿ. 1945ರಲ್ಲಿ ‘ಎಬನಿ’ ಮಾಸಪತ್ರಿಕೆ, 1951ರಲ್ಲಿ ‘ಜೆಟ್’ ವಾರಪತ್ರಿಕೆ. ಕಪ್ಪು ಜನರ ಮನೆಗಳಲ್ಲಿ ಈ ಎರಡು ಪತ್ರಿಕೆಗಳ ಸ್ಥಾನ ನಮ್ಮಲ್ಲಿ ಯಾವುದಕ್ಕೂ ಹೋಲಿಸಲಾಗದು. ಮದುವೆ, ಮನೆಕಟ್ಟುವಿಕೆ, ಕೇಶವಿನ್ಯಾಸ, ಸಿನಿಮಾ, ಚಳವಳಿ ಎಲ್ಲ ಒಂದೇ ಹೊದಿಕೆಯೊಳಗೆ. 1955ರಲ್ಲಿ ಎಮೆಟ್ ಟಿಲ್ ಅನ್ನುವ ಹದಿನಾಲ್ಕು ವರ್ಷದ ಶಿಕಾಗೋ ಹುಡುಗನನ್ನು ಮಿಸಿಸಿಪ್ಪಿಯಲ್ಲಿ ಬಿಳಿಯರು ಕೊಂದರು. ಗುರುತು ಸಿಗದಷ್ಟು ಜಜ್ಜಿಹೋಗಿದ್ದ ಮುಖ. ಅವನ ತಾಯಿ ಮೇಮಿ ಟಿಲ್ ಶವಪೆಟ್ಟಿಗೆ ಮುಚ್ಚಬೇಡಿ, ಎಲ್ಲರೂ ನೋಡಲಿ ಅಂದರು. ಆ ಚಿತ್ರ ಅಚ್ಚು ಮಾಡಿದ್ದು ‘ಜೆಟ್’. ಒಂದು ಪೀಳಿಗೆಯ ಚಳವಳಿಗಾರರಿಗೆ ಆ ಒಂದು ಪುಟವೇ ದೀಕ್ಷೆ.

— ಆ ಹೆಣ್ಣುಮಗಳ ಗುಂಡಿಗೆ ನೋಡು.

— ಈಗ ಆ ಪತ್ರಿಕೆಯವರು ಓದಿದ, ಪರಿಶೀಲಿಸಿದ, ಅಂಚಿನಲ್ಲಿ ಗುರುತು ಹಾಕಿದ ಪುಸ್ತಕಗಳೇ ಸ್ಟೋನಿ ಐಲಂಡಿನಲ್ಲಿರುವುದು. ಕಂಪನಿ ತನ್ನ ಮಿಷಿಗನ್ ಅವೆನ್ಯೂ ಕಟ್ಟಡ ಮಾರಿತು, ಗ್ರಂಥಾಲಯವನ್ನು ಇವನಿಗೆ ವಹಿಸಿತು.

— ನನ್ನ ಪ್ರಶ್ನೆ ಈಗ ಶುರುವಾಗುತ್ತದೆ. ಕ್ಯಾಟಲಾಗ್ ಇದೆಯೇ? ಓದುಗ ಬಂದು ಇಂಥ ಪುಸ್ತಕ ಬೇಕು ಅಂದರೆ ತೆಗೆದುಕೊಡುವವರು ಇದ್ದಾರೆಯೇ? ಎತ್ತರದ ಕಪಾಟಿನಲ್ಲಿ ಜೋಡಿಸಿಟ್ಟು, ಕೆಳಗಿನಿಂದ ನೋಡಿ ಆಹಾ ಅನ್ನಿಸುವುದು ಅಲಂಕಾರ. ಅದು ಗ್ರಂಥಾಲಯವಲ್ಲ. ಕಲಾವಿದರ ಮೇಲೆ ನನಗಿರುವ ಗುಮಾನಿ ಇದೇ. ದಾಖಲೆ ಅವರಿಗೆ ಬಣ್ಣದ ಡಬ್ಬಿ. ಬೇಕಾದಷ್ಟು ಅದ್ದಿಕೊಳ್ಳುತ್ತಾರೆ. ಪುಟ ಸಂಖ್ಯೆ ಯಾರು ಬರೆದಿಡುತ್ತಾರೆ?

— ಅಲ್ಲಿ ಗೊತ್ತುಮಾಡಿಕೊಂಡು ಹೋಗಿ ಕೂತು ಓದಬಹುದು ಚಿಕ್ಕಪ್ಪ. ಆದರೆ ನೀವು ಹೇಳುವ ಭಯ ಸುಳ್ಳಲ್ಲ. ಒಂದು ಕೃತಿ ಇದೆ ಅವನದು. ಅಗ್ನಿಶಾಮಕ ದಳದವರು ಕೆಲಸಕ್ಕೆ ಬಾರದು ಅಂತ ಬಿಟ್ಟ ಕ್ಯಾನ್ವಾಸಿನ ನೀರುಕೊಳವೆಗಳನ್ನು ಪಕ್ಕಪಕ್ಕ ಜೋಡಿಸಿ ಚೌಕಟ್ಟು ಹಾಕಿದ್ದಾನೆ. ಸುಮ್ಮನೆ ನೋಡಿದರೆ ಬಣ್ಣಬಣ್ಣದ ಪಟ್ಟಿ. 1963ರ ಮೇ ತಿಂಗಳಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಮೆರವಣಿಗೆ ಹೊರಟ ಶಾಲೆಮಕ್ಕಳ ಮೇಲೆ ಇಂಥ ಕೊಳವೆಗಳಿಂದಲೇ ನೀರು ಹಾಯಿಸಿ ಬೀಳಿಸಿದ್ದು ಅಂತ ಗೊತ್ತಿದ್ದವರಿಗೆ ಬೇರೆ ಕಾಣುತ್ತದೆ. ಗೊತ್ತಿಲ್ಲದವರು ಡ್ರಾಯಿಂಗ್ ರೂಮಿಗೆ ಒಪ್ಪುತ್ತದೆ ಅಂತ ಕೊಳ್ಳುತ್ತಾರೆ. ಅಲ್ಲಿ ನನಗೂ ಅವನ ಮೇಲೆ ಸ್ವಲ್ಪ ಅಸಮಾಧಾನ. ಆದರೆ ಡೇವ್ ಅನ್ನುವ ಕುಂಬಾರನ ವಿಷಯದಲ್ಲಿ ಅವನು ಮಾಡಿದ್ದು ನೋಡಿ.

— ಯಾರು ಅವನು?

— ದಕ್ಷಿಣ ಕ್ಯಾರೊಲೈನಾದ ಎಜ್‌ಫೀಲ್ಡಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಗುಲಾಮನಾಗಿದ್ದ ಕುಂಬಾರ. ದೊಡ್ಡ ದೊಡ್ಡ ಜಾಡಿಗಳನ್ನು ಚಕ್ರದ ಮೇಲೆ ಎತ್ತುತ್ತಿದ್ದ. ಆ ರಾಜ್ಯದಲ್ಲಿ ಗುಲಾಮರಿಗೆ ಓದು ಕಲಿಸುವುದು 1834ರಿಂದ ಅಪರಾಧ. ಈ ಮನುಷ್ಯ ಹಸಿ ಮಣ್ಣಿನ ಮೇಲೆ ತನ್ನ ಹೆಸರು, ತಾರೀಖು ಬರೆದ. ಎರಡೆರಡು ಸಾಲಿನ ಪದ್ಯಗಳನ್ನೂ ಗೀರಿದ. ಜಾಡಿ ಸುಟ್ಟ ಮೇಲೆ ಅಕ್ಷರ ಯಾರಿಗೂ ಅಳಿಸಲು ಬಾರದು.

— ದಾಖಲೆ ಬರೆಯಲು ಬಿಡದವರ ನಡುವೆ, ಅವರದೇ ಮಾಂಸ ಉಪ್ಪುಹಾಕುವ ಜಾಡಿಯ ಮೇಲೆ ದಾಖಲೆ. ಈ ಒಬ್ಬ ಮನುಷ್ಯನಿಗಾಗಿ ನಿನ್ನ ಎಲ್ಲ ಕಲಾವಿದರನ್ನೂ ಕ್ಷಮಿಸಿದೆ.

— 2010ರಲ್ಲಿ ಮಿಲ್ವಾಕಿ ಕಲಾ ವಸ್ತುಸಂಗ್ರಹಾಲಯದಲ್ಲಿ ಗೇಟ್ಸ್ ಡೇವ್‌ನನ್ನು ನಡುವೆ ಇಟ್ಟುಕೊಂಡು ಪ್ರದರ್ಶನ ಮಾಡಿದ. ತಾನೂ ಕುಂಬಾರ ಅಲ್ಲವೇ, ಅದಕ್ಕೇ ಆ ಜಾಡಿಯ ಪಕ್ಕ ನಿಲ್ಲುವ ಧೈರ್ಯ ಬಂತು. ಆ ಪದ್ಯಗಳಿಗೆ ರಾಗ ಹಾಕಿಸಿ ದೊಡ್ಡ ಗಾಯಕವೃಂದದಿಂದ ಹಾಡಿಸಿದ. ಗಾಜಿನ ಪೆಟ್ಟಿಗೆಯ ಪಕ್ಕದ ಚೀಟಿಯಲ್ಲಿ ಸಣ್ಣಕ್ಷರದಲ್ಲಿ ಓದುವುದಕ್ಕೂ, ನೂರಾರು ಕಂಠ ಒಟ್ಟಿಗೆ ಎತ್ತುವುದಕ್ಕೂ ವ್ಯತ್ಯಾಸ ಇಲ್ಲವೇ? ಪುಟ ಸಂಖ್ಯೆ ಬರೆಯುವವರು ಬೇಕು, ಒಪ್ಪಿದೆ. ಆದರೆ ಪುಟ ಸಂಖ್ಯೆ ಮಾತ್ರ ಬರೆದಿಟ್ಟವರು ಏನು ಮಾಡಿದ್ದಾರೆ ಅಂತಲೂ ಹೇಳಲೇ?

— ಹೇಳು, ಹೇಳು. ನನ್ನ ಜಾತಿಗೆ ಬೈಯುವುದನ್ನೂ ಕೇಳೋಣ.

— 1850. ಲೂಯಿ ಅಗಾಸಿಜ್ ಅಂತ ಹಾರ್ವರ್ಡಿನ ದೊಡ್ಡ ವಿಜ್ಞಾನಿ. ಬೇರೆ ಬೇರೆ ಜನಾಂಗಗಳು ಬೇರೆ ಬೇರೆಯಾಗಿಯೇ ಸೃಷ್ಟಿಯಾದವು ಅನ್ನುವುದು ಅವನ ವಾದ. ಅದಕ್ಕೆ ಪುರಾವೆ ಬೇಕು ಅಂತ ದಕ್ಷಿಣ ಕ್ಯಾರೊಲೈನಾದಲ್ಲಿ ಏಳು ಜನ ಗುಲಾಮರ ಬಟ್ಟೆ ಬಿಚ್ಚಿಸಿ ಫೋಟೋ ತೆಗೆಸಿದ. ತೆಗೆದವನು ಜೋಸೆಫ್ ಝೀಲಿ. ಬೆಳ್ಳಿಲೇಪದ ತಗಡಿನ ಮೇಲೆ ಮೂಡಿಸುವ ಡಗೆರೋಟೈಪು, ಹದಿನೈದು. ರೆಂಟಿ, ಅವನ ಮಗಳು ಡೀಲಿಯಾ, ಜ್ಯಾಕ್, ಅವನ ಮಗಳು ಡ್ರಾನಾ. ಅಪ್ಪಂದಿರೂ ಮಕ್ಕಳೂ ಚಿಕ್ಕಪ್ಪ, ಬರಿ ಮೈಯಲ್ಲಿ.

— ಅಯ್ಯೋ.

— ಆ ತಗಡುಗಳು 1976ರಲ್ಲಿ ಹಾರ್ವರ್ಡಿನ ಪೀಬಡಿ ವಸ್ತುಸಂಗ್ರಹಾಲಯದ ಅಟ್ಟದಲ್ಲಿ ಸಿಕ್ಕವು. ಹೆಸರಿನ ಚೀಟಿ ಸಮೇತ. ನಿಮ್ಮ ಕ್ಯಾಟಲಾಗ್ ಪಕ್ಕಾ ಇತ್ತು! 1995ರ ಸುಮಾರಿಗೆ ಕ್ಯಾರಿ ಮೇ ವೀಮ್ಸ್ ಅನ್ನುವ ಕಲಾವಿದೆ ಆ ಚಿತ್ರಗಳನ್ನೂ ಬೇರೆ ಹಳೆಯ ಚಿತ್ರಗಳನ್ನೂ ದೊಡ್ಡದು ಮಾಡಿ, ರಕ್ತದ ಕೆಂಪು ಬಣ್ಣ ಹಾಯಿಸಿ, ಮೇಲಿನ ಗಾಜಿನ ಮೇಲೆ ಮಾತುಗಳನ್ನು ಕೊರೆಸಿದರು. ಮಾತು ನಮಗಲ್ಲ, ಚಿತ್ರದಲ್ಲಿರುವವರಿಗೆ. ನಿನ್ನನ್ನು ಹೀಗೆ ಮಾಡಿದರು, ನಿನ್ನನ್ನು ಹೀಗೆ ಬಳಸಿದರು ಅನ್ನುವ ಧಾಟಿಯಲ್ಲಿ. ನೂರೈವತ್ತು ವರ್ಷ ಅವರ ಬಗ್ಗೆ ಮಾತಾಡಿದವರು ಇದ್ದರು, ಅವರ ಜೊತೆ ಮಾತಾಡಿದವರು ಇರಲಿಲ್ಲ. ಹಾರ್ವರ್ಡ್ ಏನು ಮಾಡಿತು ಗೊತ್ತೇ? ನಮ್ಮ ಚಿತ್ರ ನಮ್ಮ ಅನುಮತಿಯಿಲ್ಲದೆ ಬಳಸಿದ್ದೀಯ, ಮೊಕದ್ದಮೆ ಹೂಡುತ್ತೇವೆ ಅಂತ ಬೆದರಿಸಿತು.

— ನಮ್ಮ ಚಿತ್ರವಂತೆ!

— ವೀಮ್ಸ್ ಹೆದರಲಿಲ್ಲ. ಹೂಡಿ, ಈ ಮಾತು ಕೋರ್ಟಿನಲ್ಲೇ ಆಗಲಿ ಅಂದರು. ಹೂಡಲಿಲ್ಲ. ಕೊನೆಗೆ ಹಾರ್ವರ್ಡೇ ಆ ಕೃತಿ ಕೊಂಡುಕೊಂಡಿತು.

— ಈಗಲೂ ಆ ತಗಡುಗಳು ಅಲ್ಲೇ ಇವೆಯೇ?

— ಅದು ಬೇರೆ ದೊಡ್ಡ ಕಥೆ. ರೆಂಟಿಯ ವಂಶದವಳು ನಾನು ಅಂತ ಒಬ್ಬ ಮಹಿಳೆ 2019ರಲ್ಲಿ ಹಾರ್ವರ್ಡ್ ಮೇಲೆ ದಾವೆ ಹಾಕಿದರು. ಬಹಳ ಎಳೆದಾಟ ಆಯಿತು. 2025ರಲ್ಲಿ ರಾಜಿಯಾಗಿ, ಆ ಚಿತ್ರಗಳನ್ನು ಬಿಟ್ಟುಕೊಡಲು ಹಾರ್ವರ್ಡ್ ಒಪ್ಪಿತು. ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್ನಿನಲ್ಲಿರುವ ಅಂತರರಾಷ್ಟ್ರೀಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯಕ್ಕೆ ಅಂತ. ಅವರನ್ನು ದುಡಿಸಿದ್ದು ಅದೇ ರಾಜ್ಯದಲ್ಲಿ.

— ಒಪ್ಪಿದೆ ಕಣಮ್ಮ. ಪಟ್ಟಿ ಪಕ್ಕಾ ಇದ್ದು ಮನಸ್ಸು ಕಲ್ಲಾದರೆ ಅದು ಜೈಲಿನ ರಿಜಿಸ್ಟರು. ಹೆಸರು ಬರೆದಿಟ್ಟಿದ್ದರಿಂದಲೇ ಆ ವಂಶದವರು ಬಂದು ಕೇಳಲು ಸಾಧ್ಯವಾಯಿತು ಅನ್ನುವುದನ್ನು ಮಾತ್ರ ಮರೆಯಬೇಡ. ಅಂದ ಹಾಗೆ ಜಾನ್ಸನ್ ಕಂಪನಿಯ ಫೋಟೋಗಳು ಏನಾದವು? ಪುಸ್ತಕ ಇವನಿಗೆ ಬಂತು ಅಂದೆ. ಪತ್ರಿಕೆಯ ಜೀವ ಇರುವುದು ಫೋಟೋದಲ್ಲಿ.

— ಗೇಟ್ಸ್ 2018ರಲ್ಲಿ ಮಿಲಾನಿನಲ್ಲಿ ಒಂದು ಪ್ರದರ್ಶನ ಮಾಡಿದ. ಜಾನ್ಸನ್ ಕಂಪನಿಯ ಇಬ್ಬರು ಛಾಯಾಗ್ರಾಹಕರು, ಮೊನೆಟಾ ಸ್ಲೀಟ್ ಮತ್ತು ಐಸಾಕ್ ಸಟನ್, ತೆಗೆದ ಕಪ್ಪು ಹೆಂಗಸರ ಚಿತ್ರಗಳು. ಸ್ಲೀಟ್ ಅಂದರೆ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಕ್ರಿಯೆಯಲ್ಲಿ ಅವರ ಹೆಂಡತಿ ಮಗಳನ್ನು ಮಡಿಲಲ್ಲಿ ಹಿಡಿದು ಕೂತ ಚಿತ್ರಕ್ಕೆ 1969ರಲ್ಲಿ ಪುಲಿಟ್ಜರ್ ಪಡೆದವರು. ಮಿಲಾನಿಗೆ ಹೋದವರು ಬೀರುವಿನಿಂದ ಚಿತ್ರಗಳನ್ನು ತಾವೇ ಹೊರತೆಗೆದು ನೋಡಬಹುದಿತ್ತು. ಮರುವರ್ಷ, 2019ರ ಏಪ್ರಿಲಿನಲ್ಲಿ, ಕಂಪನಿ ದಿವಾಳಿಯಾಯಿತು. ನಲವತ್ತು ಲಕ್ಷಕ್ಕೂ ಮೀರಿದ ಚಿತ್ರ, ನೆಗೆಟಿವ್ ಎಲ್ಲ ಹರಾಜಿಗೆ ಬಂತು. ಚೂರುಚೂರಾಗಿ ಖಾಸಗಿಯವರ ಪಾಲಾಗುತ್ತದೋ ಅನ್ನುವ ಆತಂಕ. ಫೋರ್ಡ್, ಮೆಲನ್, ಗೆಟಿ, ಮೆಕಾರ್ಥರ್ ಈ ನಾಲ್ಕು ಸಂಸ್ಥೆಗಳು ಸೇರಿ 3 ಕೋಟಿ ಡಾಲರಿಗೆ ಕೊಂಡವು. ಈಗ ಅದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮತ್ತು ಲಾಸ್ ಏಂಜಲೀಸಿನ ಗೆಟಿ ಸಂಶೋಧನಾ ಸಂಸ್ಥೆಯ ಸ್ವತ್ತು.

— ಶಿಕಾಗೋದಲ್ಲಿ ಉಳಿಯಲಿಲ್ಲ.

— ಒಬ್ಬ ಕಲಾವಿದನಿಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು? ಶೌಚಾಲಯದ ಕಲ್ಲು ಎಷ್ಟು ಇರುತ್ತದೆ!

— ನಾನೂ ಅದನ್ನೇ ಹೇಳುತ್ತಿರುವುದು. ಇವನು ಮಾಡಿದ್ದು ದೊಡ್ಡ ಕೆಲಸ. ಅನುಮಾನವಿಲ್ಲ. ಸರ್ಕಾರವೂ ವಿಶ್ವವಿದ್ಯಾಲಯವೂ ಬೇಡ ಅಂದದ್ದನ್ನು ಹೊತ್ತುಕೊಂಡ, ಸೋರುವ ಮನೆಗೆ ತನ್ನ ದುಡಿಮೆಯ ಹಣ ಹಾಕಿದ. ಆ ದಾಖಲೆಗಳಿಂದ ಹೊಸದೇನಾದರೂ ಕಟ್ಟುವ ಹಕ್ಕು ಅವನಿಗೆ ಬಂದಿರುವುದು ಕಪ್ಪು ಬಣ್ಣದಿಂದ ಮಾತ್ರ ಅಲ್ಲ, ಈ ಹೊರೆ ಹೊತ್ತದ್ದರಿಂದ. ವೀಮ್ಸ್ ಅವರದೂ ಹಾಗೇ. ಕೋರ್ಟಿಗೆ ಹೋಗಲು ತಯಾರಾಗಿ ನಿಂತರಲ್ಲ. ಆದರೆ ಒಬ್ಬನ ಹೆಸರಿನ ಮೇಲೆ ನಿಂತ ಸಂಗ್ರಹ ಅವನ ಕಾಲದ ನಂತರ ಏನಾಗುತ್ತದೆ ಅನ್ನುವುದನ್ನು ನಾನು ಇಲ್ಲೇ ಬೇಕಾದಷ್ಟು ನೋಡಿದ್ದೇನೆ. ವಿದ್ವಾಂಸರು ಹೋದ ವರ್ಷವೇ ಅವರ ಪುಸ್ತಕ ತೂಕಕ್ಕೆ ಹೋಗುತ್ತದೆ.

— ಅದಕ್ಕೆ ಶಾಂಬರ್ಗ್ ದಾರಿ ಇದೆ. ಆರ್ಟೂರೊ ಶಾಂಬರ್ಗ್. ನೀವು ಕೇಳಿರಬೇಕು.

— ಹೆಸರು ಕೇಳಿದ್ದೇನೆ. 2013ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಹೆಸರಿನ ಕೇಂದ್ರದಲ್ಲೇ ಅಲ್ಲವೇ ಭಾರತಕ್ಕೆ ಬಂದ ಆಫ್ರಿಕನ್ನರ ಬಗ್ಗೆ ಪ್ರದರ್ಶನ ಆದದ್ದು? ಬಿಜಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲಕ್ಕೆ ಇಖ್ಲಾಸ್ ಖಾನ್ ಅನ್ನುವ ಹಬ್ಶಿ ಪ್ರಧಾನಮಂತ್ರಿ ಇದ್ದ, ಸುಲ್ತಾನನ ಜೊತೆ ಆನೆ ಮೇಲೆ ಕೂತ ಅವನ ಚಿತ್ರ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಯರ ಚರಿತ್ರೆಗೆ ಅಂಥ ಚಿತ್ರಪಟ ಯಾರು ಬರೆಸುತ್ತಾರೆ? ಅವರ ಹೆಂಗಸರು ಹಳೆಯ ಸೀರೆ ಅಂಗಿ ಕೂಡಿಸಿ ಹೊಲಿಯುವ ಕೌದಿ ಮಾತ್ರ ಈಗ ಹೊರದೇಶದ ಕಲಾ ಪ್ರದರ್ಶನಗಳಲ್ಲಿ ತೂಗುತ್ತಿದೆ. ಇರಲಿ, ಅದನ್ನು ಮಾತಾಡಬೇಕಾದವರು ಅವರೇ. ನೀನು ಶಾಂಬರ್ಗ್ ಹೇಳು.

— ಪೋರ್ಟೊ ರಿಕೋದಲ್ಲಿ 1874ರಲ್ಲಿ ಹುಟ್ಟಿದ. ಕಪ್ಪು ಜನಕ್ಕೆ ಚರಿತ್ರೆಯೇ ಇಲ್ಲ ಅಂತ ಬಾಲ್ಯದಲ್ಲಿ ಮೇಷ್ಟರೊಬ್ಬರು ಹೇಳಿದ್ದರಂತೆ, ಆ ಹಟಕ್ಕೆ ಸಂಗ್ರಹ ಶುರುವಾಯಿತು ಅಂತ ಹೇಳುತ್ತಾರೆ. ನ್ಯೂಯಾರ್ಕಿನಲ್ಲಿ ಒಂದು ಬ್ಯಾಂಕಿನ ಟಪಾಲು ವಿಭಾಗದಲ್ಲಿ ಕೆಲಸ. ಸಂಬಳದಲ್ಲಿ ಉಳಿಸಿ ಉಳಿಸಿ ಪುಸ್ತಕ, ಹಸ್ತಪ್ರತಿ, ಅಚ್ಚಿನ ಚಿತ್ರ ಕೊಂಡ.

— ಬ್ಯಾಂಕಿನ ಗುಮಾಸ್ತ. ಶ್ರೀಮಂತನೂ ಅಲ್ಲ, ಪ್ರೊಫೆಸರೂ ಅಲ್ಲ. ಆಮೇಲೆ?

— 1926ರಲ್ಲಿ, ತಾನು ಗಟ್ಟಿಯಾಗಿರುವಾಗಲೇ, ಇಡೀ ಸಂಗ್ರಹವನ್ನು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ಒಪ್ಪಿಸಿದ. ಕಾರ್ನೆಗಿ ಸಂಸ್ಥೆ 10,000 ಡಾಲರ್ ಕೊಟ್ಟಿತು.

— ಹಾಂ. ಇದು ಸರಿಯಾದ ದಾರಿ. ಗೇಟ್ಸ್ ಕೂಡ ಕೈಕಾಲು ಗಟ್ಟಿ ಇರುವಾಗಲೇ ಬೀಗದ ಕೈಯನ್ನು ಇನ್ನೊಬ್ಬರಿಗೆ, ಒಂದು ಒಳ್ಳೆಯ ಸಂಸ್ಥೆಗೆ, ಕೊಟ್ಟು ನೋಡಬೇಕು. ಕೊಟ್ಟ ಮೇಲೆ ಶಾಂಬರ್ಗ್ ಏನು ಮಾಡಿದ? ಆ ಕಡೆ ತಲೆ ಹಾಕಲಿಲ್ಲವೇ?

— 1932ರಲ್ಲಿ ತನ್ನದೇ ಸಂಗ್ರಹಕ್ಕೆ ಕ್ಯುರೇಟರ್ ಆಗಿ ಸೇರಿಕೊಂಡು 1938ರಲ್ಲಿ ಸಾಯುವವರೆಗೂ ಅಲ್ಲೇ ಕೆಲಸ ಮಾಡಿದ.

— ಮತ್ತೆ ಆ ಪುಸ್ತಕಗಳು? ಅವನ್ನೂ ಎಲ್ಲೋ ದೂರ ಸಾಗಿಸಿರಬೇಕು.

— ಇಲ್ಲ. ಹಾರ್ಲೆಮಿನ 135ನೇ ಬೀದಿಯ ಶಾಖೆಗೆ ಕೊಟ್ಟಿದ್ದ, ಕಟ್ಟಡ ದೊಡ್ಡದಾಯಿತು, ಬೀದಿ ಬದಲಾಗಲಿಲ್ಲ. ಈಗಲೂ ಅದೇ 135ನೇ ಬೀದಿಯಲ್ಲಿದೆ, ಸಾರ್ವಜನಿಕ ಗ್ರಂಥಾಲಯವಾಗಿಯೇ. ಒಳಗೆ ಹೋಗಲು ದುಡ್ಡು ಕೊಡಬೇಕಾಗಿಲ್ಲ.